ಹದಿನಾಲ್ಕನೇ ನಂಬರ್ ಬಸ್ಸಿಗೆ ಒಂದು ಅಡಿಕೆ

ಹೊಸದುರ್ಗ ಬಸ್ ಸ್ಟ್ಯಾಂಡ್

ಅಮೆರಿಕಕ್ಕೆ ಹೊರಟ ದಿನ ಹೊಸದುರ್ಗದಲ್ಲಿ ನನಗೆ ಯಾರೂ ಹಾರ ಹಾಕಲಿಲ್ಲ. ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದು ಹಾರಕ್ಕಿಂತ ದೊಡ್ಡ ಮರ್ಯಾದೆ ಎಂದು ಆ ದಾರಿಯಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೀಟು ಹಿಡಿದುಕೊಟ್ಟವರು ನಮ್ಮ ಮನೆಯವರು. ಅವರು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರು. "ಹೊಳಲ್ಕೆರೆ, ದುರ್ಗ, ಹೊಳಲ್ಕೆರೆ, ದುರ್ಗ" ಎಂದು ಕೂಗಿ ಕೂಗಿ ಗಂಟಲು ಒಡೆದುಹೋಗಿದೆ. ಮನೆಯಲ್ಲಿ ಉಪ್ಪು ಕೇಳಿದರೂ ಅದೇ ದನಿ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಗಿರಿಜಮ್ಮ. ಹೊರದೇಶದ ಉಪಾಧ್ಯಾಯರನ್ನು ಕರೆಸಿ ಆರು ವಾರ ತಮ್ಮ ಶಾಲೆಗಳನ್ನು ತೋರಿಸುವ ಏರ್ಪಾಡೊಂದಿತ್ತು. ಅದಕ್ಕೆ ನಾನು ಅರ್ಜಿ ಹಾಕಿದ್ದು ಆಸೆಯಿಂದಲ್ಲ, ಸಿಟ್ಟಿನಿಂದ. "ಅದೆಲ್ಲ ನಿಮ್ಮಂಥೋರಿಗೆ ಎಲ್ಲಿ ಸಿಗ್ತೈತೆ ಬಿಡ್ರಿ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದಿದ್ದರು. ಸಿಕ್ಕೇಬಿಟ್ಟಿತು. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ವರ್ಷ ತುಂಬಿರಲಿಲ್ಲ. ನನ್ನ ಕೆಲವು ಕಾಗದಗಳಲ್ಲಿ ಮೈಸೂರು, ಇನ್ನು ಕೆಲವುಗಳಲ್ಲಿ ಕರ್ನಾಟಕ ಎಂದಿತ್ತು. ನಾನು ಎರಡು ರಾಜ್ಯದವಳೋ ಒಂದೇ ರಾಜ್ಯದವಳೋ ಎಂದು ದಾರಿಯುದ್ದಕ್ಕೂ ಕೇಳಿದರು.

ಹೊರಡುವಾಗ ಅತ್ತೆ ಒಂದು ಬಟ್ಟೆಯ ಚೀಲ ತಂದು ಟ್ರಂಕಿನ ಮೂಲೆಗೆ ತುರುಕಿದರು. ಒಳಗೆ ಇಡೀ ಗೋಟಡಿಕೆ.

"ಎಲೆ ಬಾಡ್ತಾವೆ, ಅಡಿಕೆ ಕೆಡಲ್ಲ. ಯಾರ ಮನೀಗೋದ್ರೂ ಬರಿಗೈಲಿ ಹೋಗಬ್ಯಾಡ" ಅಂದರು.

ನಮ್ಮ ಮನೆಯವರು ಕಿಟಕಿಯ ಹತ್ತಿರ ಬಂದು, "ಅಲ್ಲಿ ಬಸ್ಸು ಹೆಂಗವೆ ನೋಡ್ಕಂಬಾ. ಟಾಪ್ ಮ್ಯಾಲೆ ಜನ ಕುಂತ್ಕಂತಾರಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು" ಅಂದರು. ಆಮೇಲೆ ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್" ಅಂದರು. ನನ್ನ ಅಮೆರಿಕ ಪ್ರವಾಸ ಆ ರೈಟ್‌ನಿಂದ ಶುರುವಾಯಿತು.

ವಿಮಾನ ಇಳಿದ ಕಡೆ

ಸುಂಕದ ಅಧಿಕಾರಿ ಟ್ರಂಕು ತೆಗೆಸಿ, ಒಂದು ಅಡಿಕೆಯನ್ನು ಹಿಡಿದು ಮೂಸಿ, ಮೇಜಿನ ಮೇಲೆ ಕುಟ್ಟಿ, ಇದೇನು ಎಂದು ಕೇಳಿದ. ತಿನ್ನುವುದು ಅಂದೆ. ಅವನು ನಂಬಲಿಲ್ಲ. ನನಗೆ ರೇಗಿಹೋಯಿತು. ಒಂದನ್ನು ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಕಟಕ್ಕೆಂದು ಕಡಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಸದ್ದು ಕೇಳಿ ತಿರುಗಿ ನೋಡಿದರು. ಅವನು ಟ್ರಂಕು ಮುಚ್ಚಿ ಗುರುತು ಹಾಕಿ ಕಳಿಸಿದ.

ಇನ್ನೊಂದು ವಿಮಾನ ಹತ್ತಿ ನಾನು ಇಳಿದದ್ದು ಆ ದೇಶದ ನಟ್ಟನಡುವೆ, ನದಿ ದಂಡೆಯ ಒಂದು ಊರಿನಲ್ಲಿ. ನನ್ನ ಜೊತೆ ಬಂದಿದ್ದ ಉಳಿದ ಉಪಾಧ್ಯಾಯರನ್ನು ಅವರವರು ಇಳಿದುಕೊಳ್ಳಬೇಕಿದ್ದ ಮನೆಯ ಯಜಮಾನರು ಕಾರಿನಲ್ಲಿ ಕರೆದುಕೊಂಡು ಹೋದರು. ನನ್ನನ್ನು ಕರೆಯಲು ಬಂದವಳು ಹೆಲೆನ್. ಅರವತ್ತು ದಾಟಿದ ಎತ್ತರದ ಹೆಂಗಸು, ದಪ್ಪ ಗಾಜಿನ ಕನ್ನಡಕ. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅವಳ ಕಣ್ಣು ಮಂದವಾಗಿ, ಡಾಕ್ಟರ ಮಾತಿನ ಮೇಲೆ ಕಾರಿನ ಲೈಸೆನ್ಸು ಕಿತ್ತುಕೊಂಡು ಎರಡು ವರ್ಷವಾಗಿತ್ತು. ಹತ್ತಿರದ ಕೆಲಸ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನದಿಯಾಚೆಯ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹೊದಿಕೆ, ರೋಗಿಗಳ ಅಂಗಿ ಹೊಲಿಯುವುದು ಅವಳ ಕೆಲಸ. ಒಂಟಿ ಜೀವ, ದುಡಿದರೆ ಊಟ.

ಅಲ್ಲಿಯವರ ಇಂಗ್ಲಿಷನ್ನು ನಾನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರ ಮಾತು ಅವರದ್ದು ಅನ್ನಿಸುವುದಿಲ್ಲ.

ಹದಿನಾಲ್ಕನೇ ನಂಬರ್

ಬಸ್ಸು ಹತ್ತಿದವಳೇ ಕುಳಿತುಬಿಟ್ಟೆ. ಬಸ್ಸು ಹೊರಡಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ಕಂಡಕ್ಟರ್ ಬರಲಿ ಎಂದು ಪರ್ಸು ಬಿಚ್ಚಿಕೊಂಡು ಕಾಯುತ್ತಿದ್ದೆ. ಆ ದೇಶದಲ್ಲಿ ಕಂಡಕ್ಟರ್ ಇಲ್ಲ, ಹತ್ತುವಾಗಲೇ ಡಬ್ಬಿಗೆ ಕಾಸು ಹಾಕಬೇಕು ಎಂದು ಹೆಲೆನ್ ಎದ್ದು ಹೋಗಿ ನನ್ನದನ್ನೂ ಹಾಕಿದಳು. ನಮ್ಮಲ್ಲಿ ಮೂರು ಜನರ ಸೀಟಿನಲ್ಲಿ ಐದು ಜನ ಕೂತಿರುತ್ತೇವೆ, ಆ ಬಸ್ಸಿನಲ್ಲಿ ಮೂವತ್ತು ಸೀಟಿಗೆ ನಾವು ಐದು ಜನ. ಯಾರೂ ಯಾರನ್ನೂ ಎಲ್ಲಿಗೆ ಹೊರಟಿರಿ ಎಂದು ಕೇಳಲಿಲ್ಲ. ಇಳಿಯುವವರು ಒಂದು ಹಗ್ಗ ಎಳೆದು ಸುಮ್ಮನೆ ಇಳಿದರು.

ಇದೇನು, ಬಂದ್ ಇದೆಯೇ ಇವತ್ತು ಎಂದು ಹೆಲೆನ್‌ಳನ್ನು ಕೇಳಿದೆ. "ದಿನಾಲೂ ಇಷ್ಟೇ. ಕಾರಿಲ್ಲದೋರು, ಕಾರು ಓಡ್ಸಕ್ಕಾಗದೋರು ಇಷ್ಟೇ ನಾವು" ಅಂದಳು.

ಡ್ರೈವರ್ ಹಿಂದೆ ಒಂದು ಕಾಗದ ಅಂಟಿಸಿದ್ದರು. ಅದನ್ನು ಎರಡೆರಡು ಸಲ ಓದಿದೆ. ಬಸ್ಸು ನಡೆಸುತ್ತಿದ್ದ ಕಂಪನಿ ಸೋತು ಕೈಬಿಟ್ಟಿತ್ತು. ನಗರಸಭೆಯೇ ಬಸ್ಸು ನಡೆಸಬೇಕೆಂದರೆ ದುಡ್ಡು ಬೇಕು. ಅದಕ್ಕಾಗಿ ಅಂಗಡಿಯಲ್ಲಿ ಒಂದು ಡಾಲರಿನ ಸಾಮಾನು ಕೊಂಡಾಗ ಅರ್ಧ ಸೆಂಟು ತೆರಿಗೆ ಹಾಕಬಹುದೇ ಎಂದು ಊರಿನವರನ್ನೇ ಕೇಳುತ್ತಿದ್ದರು. ನವೆಂಬರಿನಲ್ಲಿ ವೋಟು. ಹೌದು ಎಂದರೆ ಬಸ್ಸು ಉಳಿಯುತ್ತದೆ. ಇಲ್ಲ ಎಂದರೆ ವರ್ಷದ ಕೊನೆಗೆ ಹದಿನಾಲ್ಕನೇ ನಂಬರೂ ಸೇರಿ ಅರ್ಧಕ್ಕರ್ಧ ಬಸ್ಸು ನಿಲ್ಲುತ್ತವೆ. ಹದಿನಾಲ್ಕು ನಿಂತರೆ ಹೆಲೆನ್ ಆಸ್ಪತ್ರೆಗೆ ಹೋಗಲಾರಳು.

ಹದಿನೆಂಟು ವರ್ಷದಿಂದ ನಾನು ಮಕ್ಕಳಿಗೆ "ಸರ್ಕಾರ ತೆರಿಗೆ ವಿಧಿಸುತ್ತದೆ, ಪ್ರಜೆಗಳು ಪಾವತಿಸುತ್ತಾರೆ" ಎಂದು ಬರೆಸುತ್ತಿದ್ದೇನೆ. ತೆರಿಗೆ ಹಾಕಲೋ ಬೇಡವೋ ಎಂದು ತೆರಿಗೆ ಕಟ್ಟುವವನನ್ನೇ ಕೇಳುವುದನ್ನು ನಾನು ಕನಸಿನಲ್ಲೂ ಕಂಡವಳಲ್ಲ. ಬಾಗೂರಿನಾಚೆ ನನ್ನ ತವರಿನ ಹಳ್ಳಿಗೆ ಒಂದು ಬಸ್ಸು ಬರಲಿ ಎಂದು ನಮ್ಮಪ್ಪ ಎಷ್ಟು ಮನವಿ ಬರೆದರು, ಎಷ್ಟು ಜನರ ಹೆಬ್ಬೆಟ್ಟು ಒತ್ತಿಸಿದರು. ಬಸ್ಸು ಇವತ್ತಿಗೂ ಕ್ರಾಸಿನಲ್ಲೇ ತಿರುಗುತ್ತದೆ.

"ನಿಮ್ಮನ್ನ ಯಾರೂ ಕೇಳಲ್ವಾ?" ಅಂದಳು ಹೆಲೆನ್.

"ನಮ್ಮನ್ಯಾಕೆ ಕೇಳ್ತಾರೆ? ಕೇಳೋರು ನಾವು" ಅಂದೆ.

ಬಾಗಿಲು ಬಾಗಿಲು

ವೋಟಿಗೆ ಮುಂಚಿನ ಶನಿವಾರ, ಭಾನುವಾರ ಹೆಲೆನ್ ತನ್ನ ಬೀದಿಯ ಮನೆಮನೆಗೆ ಹೋಗಿ ಕೇಳುವವಳಿದ್ದಳು. ಶಾಲೆಗೆ ರಜ, ನಾನೂ ಹೊರಟೆ. ಪ್ರಚಾರ ಎಂದರೆ ಜೀಪು, ಮೈಕು, ಹಿಂದೆ ಹತ್ತು ಜನ ಅಂದುಕೊಂಡಿದ್ದೆ. ನೋಡಿದರೆ ನಾವಿಬ್ಬರು, ಅವಳ ಕೈಯಲ್ಲಿ ಒಂದು ಕಟ್ಟು ಕರಪತ್ರ.

ಮೊದಲನೇ ಮನೆಯಲ್ಲೇ ನನಗೆ ಮುಖಕ್ಕೆ ಹೊಡೆದಂತಾಯಿತು. ಬಾಗಿಲು ತೆಗೆದ ಹೆಂಗಸು ಹೆಲೆನ್‌ಳ ಮಾತನ್ನೆಲ್ಲ ಕೇಳಿ, ನಗುನಗುತ್ತಲೇ, "ಇಲ್ಲ ಹೆಲೆನ್, ನಾನು ಹಾಕಲ್ಲ" ಅಂದಳು. ನಮ್ಮಲ್ಲಿ ಯಾರು ಬಂದು ಕೈಮುಗಿದರೂ "ಆತು ಹೋಗ್ರಿ, ನಿಮಗೇ" ಅನ್ನುತ್ತೇವೆ. ಮೂರು ಪಾರ್ಟಿಯವರಿಗೂ ಅದೇ ಮಾತು. ಮನೆ ಬಾಗಿಲಿಗೆ ಬಂದವರಿಗೆ ಎದುರಿಗೇ ಇಲ್ಲ ಅನ್ನುವುದುಂಟೇ? ಹೆಲೆನ್‌ಗೆ ಬೇಜಾರೂ ಆಗಲಿಲ್ಲ. ಥ್ಯಾಂಕ್ಸ್ ಹೇಳಿ ಮುಂದಿನ ಮನೆಗೆ ನಡೆದಳು.

ನನಗೆ ತಡೆಯಲಾಗಲಿಲ್ಲ. ಬರಿಗೈಯಲ್ಲಿ ಬಂದರೆ ಇನ್ನೇನಾಗುತ್ತದೆ ಅನ್ನಿಸಿತು. ಓಡಿಹೋಗಿ ಅಡಿಕೆ ಚೀಲ ತಂದೆ. ನಮ್ಮಲ್ಲಿ ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟ ಹಾಗೆ. ನಮ್ಮ ದೊಡ್ಡಪ್ಪ ಮಗಳ ಮದುವೆಗೆ ಒಬ್ಬರಿಂದ ಅಡಿಕೆ ತೆಗೆದುಕೊಂಡ ವಾರದಲ್ಲೇ ಹಿರಿಯೂರಿನ ಕಡೆಯಿಂದ ದೊಡ್ಡ ಸಂಬಂಧ ಬಂತು. "ಅಡಿಕೆ ಹಿಡಿದೀನಿ, ಮುಗೀತು" ಎಂದು ಒಂದೇ ಮಾತಿನಲ್ಲಿ ಕಳಿಸಿಬಿಟ್ಟರು. ಮಾತಿಗೆ ಕೊಡುವ ಅಡಿಕೆ ಇಡಿಯಾಗಿರಬೇಕು, ಚೂರು ಕೊಡಬಾರದು. ನನ್ನ ಹತ್ತಿರ ಇದ್ದದ್ದೆಲ್ಲ ಇಡಿಯವೇ.

ಅಲ್ಲಿಂದ ಹೆಲೆನ್ ಮಾತಾಡಿ ಮುಗಿಸಿದ ಕೂಡಲೇ ನಾನು ಎರಡೂ ಕೈಯಿಂದ ಒಂದು ಅಡಿಕೆ ಮುಂದೆ ಹಿಡಿಯುತ್ತಿದ್ದೆ. "ನಮ್ಮೂರಿನದು" ಅನ್ನುತ್ತಿದ್ದೆ, ಅಷ್ಟೇ. ಬೇಡ ಅಂದವರು ಒಬ್ಬರೂ ಇಲ್ಲ. ಸೀರೆ ಉಟ್ಟು ದೂರದಿಂದ ಬಂದವಳು ಕೊಟ್ಟದ್ದು ಎಂದು ಖುಷಿಯಿಂದ ತೆಗೆದುಕೊಂಡರು. ಮೊದಲನೇ ಮನೆಗೂ ವಾಪಸ್ ಹೋಗಿ ಕೊಟ್ಟು ಬಂದೆ. ನನ್ನ ಲೆಕ್ಕದಲ್ಲಿ ಒಂದೊಂದು ಮನೆಯೂ ಆಯಿತು ಎಂದೇ ಅರ್ಥ.

ಪಕ್ಕದ ಮನೆಯ ವಾಲ್ಟರ್‌ನದೇ ಕೊನೆಯ ಬಾಗಿಲು. ಹೆಲೆನ್‌ಳ ವಯಸ್ಸಿನವನು, ಹಿಂದೆ ಮೊಳೆ, ಸುತ್ತಿಗೆ, ಬಣ್ಣದ ಅಂಗಡಿ ಇಟ್ಟಿದ್ದವನು. ಅವಳ ಅಂಗಳದ ಹುಲ್ಲು ಕತ್ತರಿಸುವವನು ಅವನೇ, ಶನಿವಾರ ತನ್ನ ಕಾರಿನಲ್ಲಿ ಸಂತೆ ಸಾಮಾನಿಗೆ ಕರೆದೊಯ್ಯುವವನು ಅವನೇ. ಇಂಥವನು ಹೌದು ಎನ್ನದೆ ಇನ್ನೇನು ಎಂದು ನಾನು ಮೊದಲೇ ಅಡಿಕೆ ಕೈಗೆ ಕೊಟ್ಟುಬಿಟ್ಟೆ. ಅವನು ಅದನ್ನು ಹಿಡಿದುಕೊಂಡೇ ಹೇಳಿದ:

"ನೋಡು ಹೆಲೆನ್, ನಿಂಗೆ ಗೊತ್ತೈತಲ್ಲ, ನಾನು ಹಾಕಲ್ಲ. ಒಂದು ಅಂಗಿ ತಗಂಡ್ರೂ ಕಾಸು ಕೊಡು ಅಂದ್ರೆ ಯಾಕೆ ಕೊಡ್ಲಿ? ಖಾಲಿ ಬಸ್ಸು ಓಡ್ಸಕ್ಕಾ? ಬಸ್ ನಿಂತ್ರೆ ನಾನೇ ದಿನಾ ಬಿಟ್ಟು ಬರ್ತೀನಿ ನಿನ್ನ."

ಅವನ ಕೈಯಲ್ಲಿ ನಮ್ಮ ಅಡಿಕೆ, ಬಾಯಲ್ಲಿ ಈ ಮಾತು. ನಾನು ಕಣ್ಣು ಕಣ್ಣು ಬಿಟ್ಟೆ. ಬಾಯಲ್ಲಿ ಏನಾದರೂ ಅನ್ನಲಿ, ಅಡಿಕೆ ಹಿಡಿದನಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಸೋಮವಾರ

ಭಾನುವಾರ ಊಟಕ್ಕೆ ಕೂತಾಗ ಹೆಲೆನ್ ಸಪ್ಪಗಿದ್ದಳು. "ಯಾಕೆ ಚಿಂತೆ ಮಾಡ್ತೀಯ? ಬೀದಿ ಪೂರಾ ನಮ್ಮದೇ" ಎಂದು ನಾನು ಅಡಿಕೆಯ ಅರ್ಥವನ್ನು ಬಿಡಿಸಿ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಚಮಚ ಕೆಳಗಿಟ್ಟಳು.

"ಅಂದ್ರೆ ಅವ್ರಿಗೆ ಗೊತ್ತಿಲ್ದಂಗೆ ಅವ್ರ ಕೈಲಿ ಮಾತು ತಗಂಡೀಯಾ?"

"ಅದರಲ್ಲೇನು ತಪ್ಪು? ನಿನ್ನ ಕೆಲಸ ಉಳೀಬೇಕೋ ಬ್ಯಾಡವೋ?"

"ಉಳೀಬೇಕು. ಆದ್ರೆ ಗಿರಿಜ, ನಾನು ಬಸ್ಸು ಕೇಳ್ತಿರೋದೇ ಯಾರ ಹಂಗಿಗೂ ಬೀಳಬಾರ್ದು ಅಂತ. ಅವ್ರನ್ನ ಹಂಗಿಗೆ ಕೆಡವಿ ಬಸ್ಸು ತಗಂಡ್ರೆ ನಂಗೇನು ಬಂತು?"

ಸೋಮವಾರ ಅವಳು ಆಸ್ಪತ್ರೆಯಿಂದ ಅರ್ಧ ದಿನ ರಜ ತೆಗೆದುಕೊಂಡು ಬಂದಳು. ಮತ್ತೆ ಮನೆಮನೆಗೆ ಹೊರಟೆವು, ಕೊಟ್ಟ ಅಡಿಕೆಯನ್ನು ವಾಪಸ್ ಕೇಳಲು. ನನ್ನ ಜನ್ಮದಲ್ಲಿ ಅಂಥ ನಾಚಿಕೆ ಅನುಭವಿಸಿದವಳಲ್ಲ. ಕೊಟ್ಟ ತಾಂಬೂಲವನ್ನು ಬಾಗಿಲಿಗೆ ಹೋಗಿ ವಾಪಸ್ ಕೇಳಿದಳು ಎಂದು ಅತ್ತೆಗೆ ಗೊತ್ತಾಗಿದ್ದರೆ ಮೂರು ದಿನ ಮಾತಾಡಿಸುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಹೆಲೆನ್ ನನ್ನ ಕಡೆ ತೋರಿಸಿ, ಇವರ ಕಡೆ ಇದಕ್ಕೆ ಇಂಥ ಅರ್ಥ, ನೀವು ಅಂಥದ್ದೇನೂ ಒಪ್ಪಿಕೊಂಡಿಲ್ಲ, ನಾಳೆ ನಿಮಗೆ ತೋಚಿದ ಹಾಗೆ ಹಾಕಿ ಎಂದು ಹೇಳಿದಳು. ಜನ ನಕ್ಕರು. ಒಬ್ಬಳು ಅಡಿಕೆಯನ್ನು ಹೂವಿನ ಕುಂಡದಲ್ಲಿ ಹೂತು ನೀರು ಹಾಕಿದ್ದಳು, ಅಗೆದು ಕೊಟ್ಟಳು. ಒಬ್ಬ ಮುದುಕ ಕಡಿಯಲು ಹೋಗಿ ಹಲ್ಲು ಅಲುಗಿಸಿಕೊಂಡಿದ್ದ.

ನಾಳೆ ಕೆಲಸ ಹೋಗುವವಳು ಇವಳು, ಸಿಕ್ಕ ಮಾತನ್ನು ಬಿಟ್ಟುಕೊಡುತ್ತಿರುವವಳೂ ಇವಳು. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಹುಚ್ಚು ಹೆಂಗಸು ಎಂದು ಕನ್ನಡದಲ್ಲೇ ಬೈದೆ.

ವಾಲ್ಟರ್ ಅಡಿಕೆಯನ್ನು ಕಿಟಕಿಯ ಕಟ್ಟೆಯಲ್ಲಿ ಕಾರಿನ ಬೀಗದ ಕೈ ಪಕ್ಕ ಇಟ್ಟಿದ್ದ. ಅರ್ಥ ಕೇಳಿ ಅದನ್ನು ಒಂದು ಗಳಿಗೆ ನೋಡಿದ.

"ಇದ್ರಲ್ಲಿ ಇಷ್ಟೆಲ್ಲ ಐತೆ ಅಂತ ಗೊತ್ತಿದ್ರೆ ನಾನು ಮುಟ್ತಾನೇ ಇರ್ಲಿಲ್ಲ" ಎಂದು ಹೆಲೆನ್‌ಳ ಅಂಗೈಗೆ ಹಾಕಿದ. "ನಾಳೆ ಎಷ್ಟೊತ್ತಿಗೆ ಹೋಗಾಣ ವೋಟಿಗೆ?"

ಮಂಗಳವಾರ

ವೋಟು ಹಾಕುವ ಶಾಲೆ ಗುಡ್ಡದ ಮೇಲಿತ್ತು. ಅಲ್ಲಿಗೆ ಯಾವ ಬಸ್ಸೂ ಇಲ್ಲ. ಹಾಗಾಗಿ ಬೆಳಿಗ್ಗೆ ವಾಲ್ಟರ್ ತನ್ನ ಕಾರಿನಲ್ಲಿ ಹೆಲೆನ್‌ಳನ್ನು ಕರೆದುಕೊಂಡು ಹೋದ. ಹಿಂದಿನ ಸೀಟಿನಲ್ಲಿ ನಾನು. ಒಬ್ಬರು ಬಸ್ಸು ಬೇಕು ಅನ್ನಲು, ಒಬ್ಬರು ಬೇಡ ಅನ್ನಲು, ಇಬ್ಬರೂ ಒಂದೇ ಕಾರಿನಲ್ಲಿ. ಅವಳು ಇಳಿಯುವಾಗ ಅವನು ಓಡಿಬಂದು ಬಾಗಿಲು ತೆಗೆದು ಕೈ ಹಿಡಿದು ಇಳಿಸಿದ. ಅವನು ಅವಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಅವನ ಕಡೆಗೆ ಒಂದು ವೋಟಿನ ಲಾಭ. ಅದು ಅವನಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ಮಾಡಲಿಲ್ಲವೋ, ನನಗೆ ಇಂದಿಗೂ ತಿಳಿಯದು. ನಮ್ಮಲ್ಲಿ ವೋಟಿನ ದಿನ ಪಕ್ಕದ ಮನೆಯವರು ಬೇರೆ ಪಾರ್ಟಿಯಾದರೆ ಸೇದುವ ಬಾವಿಯ ಹಗ್ಗ ಕೂಡ ಕೊಡುವುದಿಲ್ಲ.

ಇಬ್ಬರೂ ಹೊರಗೆ ಬಂದಾಗ ಹವೆಯ ವಿಷಯ ಮಾತಾಡುತ್ತಿದ್ದರು. ಈ ವರ್ಷ ಹಿಮ ಬೇಗ ಬೀಳಬಹುದು ಅಂದ ಅವನು.

ಬುಧವಾರ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು, ತೆರಿಗೆ ಬೇಡ ಅಂದವರೇ ಹೆಚ್ಚಾಗಿ ಅದು ಬಿದ್ದುಹೋಯಿತು. ಹೆಲೆನ್ ಕೆಲಸದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಕೇಳಿದ್ರು, ಜನ ಹೇಳಿದ್ರು" ಅಂದಳು.

ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ರೋಷಕ್ಕೆ. ಇಷ್ಟು ಶ್ರೀಮಂತ ಊರು, ಅರ್ಧ ಸೆಂಟು ಅನ್ನುವುದು ಇವರಿಗೆ ಒಂದು ಲೆಕ್ಕವೇ ಎಂದು ಕೂಗಾಡಿದೆ. ಅವಳು ನನಗೆ ಕಾಫಿ ಮಾಡಿಕೊಟ್ಟು, ಎಂದಿನ ಹೊತ್ತಿಗೆ ಹದಿನಾಲ್ಕನೇ ನಂಬರಿಗೆ ಹೊರಟಳು. ಅದಾಗಿ ಎರಡು ವಾರಕ್ಕೆ ನಾನು ಊರಿಗೆ ಹೊರಟೆ. ವಾಪಸ್ ಬಂದ ಅಡಿಕೆಯನ್ನೆಲ್ಲ ಟ್ರಂಕಿಗೆ ಹಾಕಿಕೊಂಡೇ ಬಂದೆ.

ಹೊಸದುರ್ಗ ಅಂಚೆ ಕಚೇರಿ

ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಒಂದು ಕಾಗದ ಬಂತು. ಹೆಲೆನ್‌ಳದು ಅಂದುಕೊಂಡು ಒಡೆದರೆ ವಾಲ್ಟರ್‌ನದು. ದೊಡ್ಡ ದೊಡ್ಡ ಅಕ್ಷರ. ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಕನ್ನಡ ಮಾಡಿ ಓದಿ ಹೇಳಿದೆ.

ಬಸ್ಸು ನಿಂತ ದಿನದಿಂದ ಅವನು ಹೇಳಿದ ಹಾಗೆಯೇ ದಿನಾ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಒಂದು ತಿಂಗಳು ನಡೆಯಿತು. ಆಮೇಲೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಅವನ ತೊಡೆ ಮೂಳೆ ಮುರಿಯಿತು. ಕಾರು ಶೆಡ್ಡಿನಲ್ಲೇ ನಿಂತಿತು. ಹೆಲೆನ್ ಕೆಲವು ದಿನ ಟ್ಯಾಕ್ಸಿಯಲ್ಲಿ ಹೋದಳು, ಕೆಲವು ದಿನ ನಡೆದಳು, ಕೆಲವು ದಿನ ಹೋಗಲಿಲ್ಲ. ಮೂರನೇ ವಾರ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಈಗ ಅವಳು ಮನೆಯಲ್ಲಿ ಕೂತು ಅಷ್ಟಿಷ್ಟು ಹೊಲಿಯುತ್ತಾಳೆ, ಮಧ್ಯಾಹ್ನ ಅವನಿಗೆ ಗಂಜಿ ತಂದು ಕೊಡುತ್ತಾಳೆ. ಒಂದು ಮಾತೂ ಅಂದಿಲ್ಲ. "ಅಂದಿದ್ರೆ ಚೆನ್ನಾಗಿತ್ತು" ಎಂದು ಬರೆದಿದ್ದ.

ಕೊನೆಗೆ ಹೀಗಿತ್ತು. ಬರುವ ವರ್ಷ ಊರಿನವರನ್ನು ಮತ್ತೆ ಕೇಳುತ್ತಾರಂತೆ. ಹೋದ ಸಲದ ಅಡಿಕೆಯನ್ನು ಹೆಲೆನ್ ವಾಪಸ್ ತೆಗೆದುಕೊಂಡಳು. ಇನ್ನೊಂದು ಕಳಿಸಿಕೊಡಿ. ಅದರ ಅರ್ಥ ಈಗ ನನಗೆ ಗೊತ್ತು.

ನಮ್ಮ ಮನೆಯವರು ಹೊಳಲ್ಕೆರೆ ಬಸ್ಸು ಬಂದು ನಿಂತರೂ ಕೂಗಲಿಲ್ಲ.

"ಆಯಮ್ಮನ ಕೆಲಸ ಹೋತಲ್ಲೇ" ಅಂದರು ಕೊನೆಗೆ.

ನಾನು ವಾಲ್ಟರ್‌ನ ಮೇಲೆ ಇಟ್ಟುಕೊಂಡಿದ್ದ ಕೋಪವೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಡಿಕೆ ತೆಗೆದುಕೊಂಡು ಮರುದಿನವೇ ಮರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೀಗೆ ಸಮುದ್ರದಾಚೆಯಿಂದ ಕಾಗದ ಬರೆದು ಅಡಿಕೆ ಕೇಳಿದವರನ್ನು ನೋಡಿರಲಿಲ್ಲ.

ಅತ್ತೆ ಗೂಡಿನಲ್ಲಿದ್ದ ಚೀಲ ಸುರಿದುಕೊಂಡು ಕೂತರು. ಒಂದರಲ್ಲಿ ಕಲೆ, ಒಂದರಲ್ಲಿ ಬಿರುಕು ಎಂದು ಆರಿಸಿ ಆರಿಸಿ, ಒಂದನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ಹತ್ತಿ ಸುತ್ತಿ, ಸಣ್ಣ ಡಬ್ಬಿಗೆ ಹಾಕಿ, ಮೇಲೆ ಬಟ್ಟೆ ಹೊಲಿದು, ಅಂಚೆ ಕಚೇರಿಗೆ ತೆಗೆದುಕೊಂಡು ಹೋದೆ. ಕೌಂಟರಿನ ಹುಡುಗಿ, ನನ್ನ ಹಳೆಯ ಶಿಷ್ಯೆ, ತೂಕ ಹಾಕಿ ಒಳಗೇನಿದೆ ಎಂದು ಕೇಳಿದಳು. ಹೇಳಿದೆ.

"ಒಂದೇ ಒಂದು ಅಡಿಕೆಗೆ ಇಷ್ಟೊಂದು ಸ್ಟಾಂಪು ಯಾಕ್ರಿ ಮೇಡಂ, ಸುಮ್ನೆ ದಂಡ ಅಲ್ವಾ?"

"ಇದು ನಾನು ಕೊಡ್ತಿರೋದಲ್ಲ ಕಣವ್ವಾ, ಅವ್ರು ಕೇಳಿ ತರಿಸ್ಕೊಂತಿರೋದು" ಅಂದೆ. "ಅಂಟಿಸು."